ಹೆಸರು ಒಂದೇ, ಕೆಲಸ ಬೇರೆ: ಇಂಗ್ಲಿಷ್ ವ್ಯಾಕರಣ ಸ್ಪ್ಯಾನಿಷಿಗೆ ಹೋದಾಗ

ಇಂಗ್ಲಿಷ್ ವ್ಯಾಕರಣದಲ್ಲಿ ‘ಜೆರಂಡ್’ ಇದೆ, ಸ್ಪ್ಯಾನಿಷ್ ವ್ಯಾಕರಣದಲ್ಲಿ ‘ಹೆರುಂದಿಯೊ’ ಇದೆ. ಎರಡೂ ಒಂದೇ ಲ್ಯಾಟಿನ್ ಪದದ ಮಕ್ಕಳು. ಡಿಕ್ಷನರಿಯಲ್ಲಿ ಒಂದರ ಎದುರು ಇನ್ನೊಂದನ್ನು ಬರೆದಿರುತ್ತಾರೆ. ಅದನ್ನು ನಂಬಿಕೊಂಡು ‘ಸ್ವಿಮ್ಮಿಂಗ್ ಈಸ್ ಗುಡ್’ ಎಂಬುದಕ್ಕೆ ‘ನಾದಾಂದೊ ಎಸ್ ಬುಯೆನೊ’ ಎಂದು ಬರೆದರೆ, ಸ್ಪ್ಯಾನಿಷ್ ಬಲ್ಲವರ ಕಿವಿಗೆ ಅದು ‘ಈಜುತ್ತಾ ಒಳ್ಳೆಯದು’ ಅಂದ ಹಾಗೆ ಬೀಳುತ್ತದೆ. ಅವರು ಹೇಳುವುದು ‘ನಾದಾರ್ ಎಸ್ ಬುಯೆನೊ’ ಎಂದು. ಕ್ರಿಯಾಪದದ ಮೂಲರೂಪವನ್ನೇ ಅವರು ನಾಮಪದವಾಗಿ ಬಳಸುತ್ತಾರೆ. ಸಿಗರೇಟು ಸೇದಬಾರದು ಎಂಬ ಫಲಕದ ಮೇಲೆ ಇರುವುದೂ ‘ಪ್ರೊಇಬಿದೊ ಫುಮಾರ್’, ‘ಫುಮಾಂದೊ’ ಅಲ್ಲ.

ಈ ಲೇಖನದಲ್ಲಿ ಸ್ಪ್ಯಾನಿಷ್ ಪದಗಳನ್ನು ಲ್ಯಾಟಿನ್ ಅಮೆರಿಕದ ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡದಲ್ಲಿ ಬರೆದಿದ್ದೇನೆ.

ಹೆಸರು ಒಂದೇ ಆಗಿದ್ದೂ ಕೆಲಸ ಹೀಗೆ ಬೇರೆಯಾಗಿದ್ದು ಹೇಗೆ? ಲ್ಯಾಟಿನ್ನಿನ ಜೆರಂಡ್ ಕ್ರಿಯೆಯಿಂದ ಹುಟ್ಟಿದ ನಾಮಪದ, ಅದಕ್ಕೆ ವಿಭಕ್ತಿಗಳಿದ್ದವು. ‘ಪ್ರೀತಿಸುವುದರ’, ‘ಪ್ರೀತಿಸುವುದರಿಂದ’ ಎಂಬಂಥ ರೂಪಗಳು. ಲ್ಯಾಟಿನ್ ಒಡೆದು ಸ್ಪ್ಯಾನಿಷ್ ಆಗುವಾಗ ಅವುಗಳಲ್ಲಿ ಉಳಿದದ್ದು ‘ಅಮಾಂದೊ’ ಎಂಬ ಒಂದೇ ರೂಪ, ಅಂದರೆ ‘ಪ್ರೀತಿಸುವುದರಿಂದ’ ಎಂಬರ್ಥದ್ದು. ಕಾಲ ಕಳೆದಂತೆ ಅದು ‘ಪ್ರೀತಿಸುತ್ತಾ’ ಎಂದಾಯಿತು. ಹೀಗೆ ಸ್ಪ್ಯಾನಿಷಿಗೆ ಆ ರೂಪ ನೇರ ಪಿತ್ರಾರ್ಜಿತವಾಗಿ ಬಂತು. ಇಂಗ್ಲಿಷ್ ಜರ್ಮಾನಿಕ್ ಮನೆತನದ್ದು, ಅದಕ್ಕೆ ಅಂಥ ಆಸ್ತಿ ಇರಲಿಲ್ಲ. ಆದರೆ ಇಂಗ್ಲಿಷಿಗೆ ವ್ಯಾಕರಣ ಬರೆದ ಪಂಡಿತರು ಓದಿದ್ದೆಲ್ಲ ಲ್ಯಾಟಿನ್. ತಮ್ಮ ಭಾಷೆಯ ‘-ಇಂಗ್’ ರೂಪ ನಾಮಪದದ ಕೆಲಸ ಮಾಡುವುದನ್ನು ಕಂಡು ಅದಕ್ಕೆ ಜೆರಂಡ್ ಎಂಬ ಹೆಸರಿಟ್ಟರು. ಒಬ್ಬರು ರೂಪವನ್ನು ಉಳಿಸಿಕೊಂಡರು, ಇನ್ನೊಬ್ಬರು ಕೆಲಸಕ್ಕೆ ಹೆಸರನ್ನು ಎರವಲು ತಂದರು.

ಕನ್ನಡ ಶಾಲೆಯಲ್ಲಿ ವ್ಯಾಕರಣ ಓದಿದವರಿಗೆ ಇಲ್ಲಿ ಒಂದು ಅನುಕೂಲವಿದೆ. ‘ಓಟ’, ‘ಓಡುವಿಕೆ’ ನಮಗೆ ಕೃದಂತ ಭಾವನಾಮ. ‘ಓಡುತ್ತಾ’, ‘ಓಡಿ’ ಕೃದಂತಾವ್ಯಯ. ಇಂಗ್ಲಿಷಿನ ಜೆರಂಡ್ ಮೊದಲನೆಯದಕ್ಕೆ ಹತ್ತಿರ, ಸ್ಪ್ಯಾನಿಷಿನ ಹೆರುಂದಿಯೊ ಎರಡನೆಯದಕ್ಕೆ. ಇಂಗ್ಲಿಷ್ ಹೆಸರಿನಲ್ಲಿ ಗೋಜಲಾಗಿರುವುದು ಕೇಶಿರಾಜನ ಪರಂಪರೆಯ ಹೆಸರುಗಳಲ್ಲಿ ಸಲೀಸಾಗಿ ಬಿಡಿಸಿಕೊಳ್ಳುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ತೊಡಕು ‘ಪಾರ್ಟಿಸಿಪಲ್’, ಅಂದರೆ ಕ್ರಿಯಾಪದದಿಂದ ಹುಟ್ಟಿ ವಿಶೇಷಣದ ಹಾಗೂ ಬಳಕೆಯಾಗುವ ರೂಪ. ಇಂಗ್ಲಿಷಿನಲ್ಲಿ ವರ್ತಮಾನದ್ದೊಂದು, ಭೂತದ್ದೊಂದು. ಇಂದಿನ ಸ್ಪ್ಯಾನಿಷಿನಲ್ಲಿ ‘ಪಾರ್ತಿಸಿಪಿಯೊ’ ಅಂದರೆ ಭೂತದ್ದು ಮಾತ್ರ: ‘ಅಬ್ಲಾದೊ’ (ಮಾತಾಡಿದ), ‘ಕೊಮಿದೊ’ (ತಿಂದ). ವರ್ತಮಾನದ್ದು ‘ಎಸ್ತುದಿಯಾಂತೆ’, ‘ಕಾಂತಾಂತೆ’ಯಂಥ ಪದಗಳಾಗಿ ಗಟ್ಟಿಗೊಂಡುಬಿಟ್ಟಿದೆ. ಮೊದಲನೆಯದು ವಿದ್ಯಾರ್ಥಿ, ಎರಡನೆಯದು ಹಾಡುಗಾರ. ಹಾಗಾಗಿ ‘ಎ ಬಾಕ್ಸ್ ಕಂಟೇನಿಂಗ್ ಬುಕ್ಸ್’ ಎಂಬುದನ್ನು ಹೆರುಂದಿಯೊ ಹಾಕಿ ಬರೆದರೆ ಸ್ಪ್ಯಾನಿಷ್ ಸಂಪಾದಕರು ಕೆಂಪು ಗೀಟು ಎಳೆಯುತ್ತಾರೆ. ಪುಸ್ತಕಗಳು ‘ಇರುವ’ ಪೆಟ್ಟಿಗೆ ಎಂಬ ಅರ್ಥದಲ್ಲಿ ‘ಕೆ ಕೊಂತಿಯೆನೆ’ ಎಂದೇ ಬರೆಯಬೇಕು. ಕುದಿಯುವ ನೀರು, ‘ಆಗ್ವಾ ಇರ್ಬಿಯೆಂದೊ’, ಇಂಥ ಬೆರಳೆಣಿಕೆಯ ಅಪವಾದಗಳು ಮಾತ್ರ ಒಪ್ಪಿತ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಭೂತಕಾಲದ ಹೆಸರುಗಳಲ್ಲಿ. ಇಂಗ್ಲಿಷಿನಲ್ಲಿ ಬರೆದ ಸ್ಪ್ಯಾನಿಷ್ ಪಠ್ಯಪುಸ್ತಕಗಳು ‘ಅಬ್ಲೆ’, ಅಂದರೆ ‘ಮಾತಾಡಿದೆ’, ಎಂಬ ರೂಪವನ್ನು ‘ಪ್ರೆಟರಿಟ್’ ಎಂದೂ ‘ಅಬ್ಲಾಬಾ’, ಅಂದರೆ ‘ಮಾತಾಡುತ್ತಿದ್ದೆ’, ಎಂಬುದನ್ನು ‘ಇಂಪರ್ಫೆಕ್ಟ್’ ಎಂದೂ ಕರೆಯುತ್ತವೆ. ವಿದ್ಯಾರ್ಥಿ ಅದನ್ನೇ ಕಲಿತು ಸ್ಪೇನಿನ ಶಿಕ್ಷಕರ ಹತ್ತಿರ ‘ಪ್ರೆತೆರಿತೊ’ ಅಂದರೆ, ಅವರು ಕೇಳುತ್ತಾರೆ: ಯಾವ ಪ್ರೆತೆರಿತೊ? ಸ್ಪೇನಿನಲ್ಲಿ ಆ ಪದಕ್ಕೆ ‘ಭೂತಕಾಲ’ ಎಂಬಷ್ಟೇ ಅರ್ಥ. ‘ಅಬ್ಲಾಬಾ’ ಕೂಡ ಒಂದು ಪ್ರೆತೆರಿತೊ, ‘ಎ ಅಬ್ಲಾದೊ’, ಅಂದರೆ ‘ಮಾತಾಡಿದ್ದೇನೆ’, ಕೂಡ ಒಂದು ಪ್ರೆತೆರಿತೊ.

‘ಅಬ್ಲೆ’ ರೂಪ ಒಂದಕ್ಕೇ ಮೂರು ಹೆಸರುಗಳು ಚಾಲ್ತಿಯಲ್ಲಿವೆ. ಸ್ಪೇನಿನ ತರಗತಿಗಳಲ್ಲಿ ಇಂದಿಗೂ ‘ಪ್ರೆತೆರಿತೊ ಇಂದೆಫಿನಿದೊ’. ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ಈಗಿನ ವ್ಯಾಕರಣದಲ್ಲಿ ‘ಪ್ರೆತೆರಿತೊ ಪೆರ್ಫೆಕ್ತೊ ಸಿಂಪ್ಲೆ’. ಮೆಕ್ಸಿಕೊದ ಶಾಲಾ ಪುಸ್ತಕಗಳಲ್ಲಿ ಬರೀ ‘ಪ್ರೆತೆರಿತೊ’. ಇದರಲ್ಲಿ ‘ಪೆರ್ಫೆಕ್ತೊ’ ಎಂದರೆ ದೋಷವಿಲ್ಲದ್ದು ಎಂದಲ್ಲ, ಮುಗಿದದ್ದು ಎಂದು. ‘ಇಂಪೆರ್ಫೆಕ್ತೊ’ ಎಂದರೆ ಮುಗಿಯದೆ ನಡೆಯುತ್ತಿದ್ದದ್ದು. ಇದೊಂದು ವಿಷಯವನ್ನು ಮೊದಲ ದಿನವೇ ಹೇಳಿಬಿಟ್ಟರೆ ವಿದ್ಯಾರ್ಥಿಗಳ ಅರ್ಧ ಭಯ ಹೋಗುತ್ತದೆ ಎಂದು ನನಗನ್ನಿಸುತ್ತದೆ.

ಮೆಕ್ಸಿಕೊದ ಹೆಸರುಗಳ ಹಿಂದೆ ಒಬ್ಬ ದೊಡ್ಡ ಮನುಷ್ಯನಿದ್ದಾನೆ. ಆಂದ್ರೆಸ್ ಬೆಯೊ 1781ರಲ್ಲಿ ಕರಾಕಾಸ್‌ನಲ್ಲಿ ಹುಟ್ಟಿದವನು. ಸುಮಾರು 19 ವರ್ಷ ಲಂಡನ್ನಿನಲ್ಲಿದ್ದು, ಆಮೇಲೆ ಚಿಲಿಗೆ ಹೋಗಿ, ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಮುಖ್ಯಸ್ಥನಾದ. ಸ್ಪೇನಿನ ಹಿಡಿತದಿಂದ ಆಗಷ್ಟೇ ಬಿಡುಗಡೆಯಾಗಿದ್ದ ಹೊಸ ದೇಶಗಳು ಒಂದೊಂದು ದಿಕ್ಕಿಗೆ ಹರಿದು, ಲ್ಯಾಟಿನ್ ಒಡೆದ ಹಾಗೆ ಸ್ಪ್ಯಾನಿಷ್ ಕೂಡ ಒಡೆದುಹೋದೀತು ಎಂಬ ಆತಂಕ ಅವನಿಗಿತ್ತು. 1847ರಲ್ಲಿ ಅಮೆರಿಕ ಖಂಡದವರ ಬಳಕೆಗೆಂದೇ ಒಂದು ಸ್ಪ್ಯಾನಿಷ್ ವ್ಯಾಕರಣ ಬರೆದ. ಲ್ಯಾಟಿನ್ನಿನ ಅಚ್ಚಿನಲ್ಲಿ ಸ್ಪ್ಯಾನಿಷನ್ನು ಎರಕ ಹೊಯ್ಯಬಾರದು, ಭಾಷೆಯನ್ನು ಅದರೊಳಗಿನಿಂದಲೇ ನೋಡಬೇಕು ಎಂಬುದು ಅವನ ನಿಲುವು.

ಕಾಲಗಳಿಗೆ ಅವನಿಟ್ಟ ಹೆಸರುಗಳಲ್ಲಿ ಒಂದು ಲೆಕ್ಕಾಚಾರವಿದೆ. ‘ಪ್ರೆತೆರಿತೊ’ ಎಂದರೆ ಮುಗಿದುಹೋದದ್ದು: ‘ಅಬ್ಲೆ’. ಅದರ ಹಿಂದೆ ‘ಕೊ’ ಸೇರಿಸಿದರೆ ‘ಕೊಪ್ರೆತೆರಿತೊ’, ಆ ಮುಗಿದುಹೋದ ಕಾಲದ ಜೊತೆಜೊತೆಗೆ ನಡೆಯುತ್ತಿದ್ದದ್ದು: ‘ಅಬ್ಲಾಬಾ’. ‘ಪೊಸ್’ ಸೇರಿಸಿದರೆ ‘ಪೊಸ್‌ಪ್ರೆತೆರಿತೊ’, ಆ ಕಾಲದಿಂದ ನೋಡಿದರೆ ಮುಂದೆ ಬರಬೇಕಿದ್ದದ್ದು: ‘ಅಬ್ಲಾರಿಯಾ’. ‘ಆಂತೆ’ ಎಂದರೆ ಮೊದಲು, ಆದ್ದರಿಂದ ‘ಎ ಅಬ್ಲಾದೊ’ ಆಗುತ್ತದೆ ‘ಆಂತೆಪ್ರೆಸೆಂತೆ’, ವರ್ತಮಾನಕ್ಕೆ ಮುಂಚಿನದು. ಹೆಸರು ಕೇಳಿದರೇ ಸಾಕು, ಯಾವುದರ ಹಿಂದೆ ಯಾವುದು ಎಂದು ತಿಳಿದುಬಿಡುತ್ತದೆ. ನೂರಾ ಎಪ್ಪತ್ತು ವರ್ಷಗಳ ನಂತರವೂ ಇದಕ್ಕಿಂತ ಚೊಕ್ಕ ಏರ್ಪಾಡನ್ನು ನಾನು ಕಂಡಿಲ್ಲ.

ಸ್ಪೇನ್ ಆ ದಾರಿ ಹಿಡಿಯಲಿಲ್ಲ. 1492ರಲ್ಲಿ ಆಂತೋನಿಯೊ ದೆ ನೆಬ್ರಿಹಾ ಸಲಮಾಂಕದಲ್ಲಿ ಅಚ್ಚು ಹಾಕಿಸಿದ ಮೊದಲ ಸ್ಪ್ಯಾನಿಷ್ ವ್ಯಾಕರಣದಿಂದಲೂ ಅಲ್ಲಿ ಲ್ಯಾಟಿನ್ ಹೆಸರುಗಳ ನೆರಳು ಗಾಢ. 1713ರಲ್ಲಿ ಸ್ಥಾಪನೆಯಾದ ಅಕಾಡೆಮಿ ತನ್ನದೇ ಹೆಸರುಗಳನ್ನು ಮತ್ತೆ ಮತ್ತೆ ಬದಲಿಸಿತು. ‘ಅಬ್ಲಾರಿಯಾ’ ರೂಪ ಒಂದು ಕಾಲದಲ್ಲಿ ‘ಪೊತೆನ್ಸಿಯಾಲ್’ ಆಗಿತ್ತು, ಈಗ ‘ಕೊಂದಿಸಿಯೊನಾಲ್’. ಕೊನೆಗೆ 2009ರಲ್ಲಿ ಸ್ಪ್ಯಾನಿಷ್ ಜಗತ್ತಿನ 22 ಅಕಾಡೆಮಿಗಳು ಒಟ್ಟಾಗಿ ಹೊರತಂದ ಬೃಹತ್ ವ್ಯಾಕರಣದಲ್ಲಿ ಅಕಾಡೆಮಿಯ ಹೆಸರಿನ ಜೊತೆ ಬೆಯೊನ ಹೆಸರನ್ನೂ ಕೊಟ್ಟರು. ಆದ್ದರಿಂದ ‘ಸಿಂಪಲ್ ಪಾಸ್ಟ್’ ಎಂಬುದನ್ನು ಸ್ಪ್ಯಾನಿಷಿಗೆ ಅನುವಾದಿಸಬೇಕಾದಾಗ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ದೇಶದ ಓದುಗರಿಗೆ ಎಂಬುದು.

ಅಷ್ಟಕ್ಕೇ ಮುಗಿಯುವುದಿಲ್ಲ. ಇಂಗ್ಲಿಷಿನ ‘ಸಿಂಪಲ್ ಪಾಸ್ಟ್’ ಒಳಗೆ ಸ್ಪ್ಯಾನಿಷಿನ ಎರಡು ಕಾಲಗಳು ಅಡಗಿವೆ. ‘ಐ ವೆಂಟ್ ಟು ದ ಮಾರ್ಕೆಟ್’ ಎನ್ನುವುದು ನಿನ್ನೆ ಹೋದದ್ದೇ, ಚಿಕ್ಕವನಿದ್ದಾಗ ದಿನಾ ಹೋಗುತ್ತಿದ್ದದ್ದೇ? ಇಂಗ್ಲಿಷ್ ವಾಕ್ಯ ಅದನ್ನು ಹೇಳುವುದಿಲ್ಲ. ಸ್ಪ್ಯಾನಿಷ್ ಹೇಳಲೇಬೇಕು: ಹೋದದ್ದಾದರೆ ‘ಫುಯಿ’, ಹೋಗುತ್ತಿದ್ದದ್ದಾದರೆ ‘ಇಬಾ’. ಕನ್ನಡದ ‘ಹೋದೆ’, ‘ಹೋಗುತ್ತಿದ್ದೆ’ ಇವುಗಳ ನಡುವಿನ ಗೆರೆ ಬಹಳ ಮಟ್ಟಿಗೆ ಅದೇ ಜಾಗದಲ್ಲಿದೆ. ಇಂಗ್ಲಿಷನ್ನು ಮಧ್ಯೆ ತಂದರೆ ಈ ಗೆರೆ ಅಳಿಸಿಹೋಗುತ್ತದೆ.

‘ಪ್ರೆಸೆಂಟ್ ಪರ್ಫೆಕ್ಟ್’ ಕಥೆಯೂ ಹೀಗೆಯೇ. ರೂಪದ ಮಟ್ಟದಲ್ಲಿ ‘ಐ ಹ್ಯಾವ್ ಈಟನ್’ ಎಂಬುದಕ್ಕೆ ‘ಎ ಕೊಮಿದೊ’ ಸರಿಯಾಗಿ ಕೂರುತ್ತದೆ. ಆದರೆ ‘ಇವತ್ತು ಬೇಗ ಊಟ ಮಾಡಿದೆ’ ಎನ್ನಲು ಮ್ಯಾಡ್ರಿಡ್‌ನವರು ‘ಎ ಕೊಮಿದೊ’ ಎಂದರೆ ಮೆಕ್ಸಿಕೊದವರು ‘ಕೊಮಿ’ ಎನ್ನುತ್ತಾರೆ. ಇನ್ನು ‘ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್’ ಎಂಬ ವಾಕ್ಯಕ್ಕೆ ಸಹಜ ಸ್ಪ್ಯಾನಿಷ್ ‘ಬಿಬೊ ಆಕಿ ದೆಸ್ದೆ ಆಸೆ ದಿಯೆಸ್ ಆನ್ಯೊಸ್’. ಕ್ರಿಯಾಪದ ನೇರ ವರ್ತಮಾನದಲ್ಲಿದೆ, ‘ಹತ್ತು ವರ್ಷದಿಂದ ಇಲ್ಲೇ ಇದ್ದೇನೆ’ ಎಂದು ನಾವು ಹೇಳುವ ಹಾಗೆಯೇ. ‘ನಾಳೆ ಹೋಗ್ತೀನಿ’ ಎಂಬುದಕ್ಕೂ ಸ್ಪ್ಯಾನಿಷಿನಲ್ಲಿ ಸಾದಾ ವರ್ತಮಾನವೇ ಸಾಕು: ‘ಮೆ ಬೊಯ್ ಮಾನ್ಯಾನಾ’. ಇಂಗ್ಲಿಷಿನ ‘ಐ ಯಾಮ್ ಲೀವಿಂಗ್ ಟುಮಾರೊ’ ನೋಡಿ ‘-ಆಂದೊ’ ಹಾಕಲು ಹೊರಟರೆ ಕೆಡುತ್ತದೆ.

ಕನ್ನಡಿಗರು ಸ್ಪ್ಯಾನಿಷ್ ಕಲಿಯುವುದು ಬಹುಪಾಲು ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ಆ್ಯಪ್‌ಗಳ ಮೂಲಕ. ಅಲ್ಲಿ ‘ಗುಸ್ತಾರ್’ ಎಂಬ ಕ್ರಿಯಾಪದ ಬಂದಾಗ ಪುಟಗಟ್ಟಲೆ ವಿವರಣೆ ಇರುತ್ತದೆ, ಏಕೆಂದರೆ ಇಂಗ್ಲಿಷಿನಲ್ಲಿ ‘ಐ ಲೈಕ್ ಕಾಫಿ’ ಎಂದರೆ ಕರ್ತೃ ‘ನಾನು’. ಸ್ಪ್ಯಾನಿಷಿನ ‘ಮೆ ಗುಸ್ತಾ ಎಲ್ ಕಫೆ’ಯಲ್ಲಿ ಕರ್ತೃ ಕಾಫಿ, ‘ಮೆ’ ಎಂದರೆ ‘ನನಗೆ’. ‘ನನಗೆ ಕಾಫಿ ಇಷ್ಟ’ ಎಂಬ ಚತುರ್ಥಿ ವಿಭಕ್ತಿಯ ವಾಕ್ಯವನ್ನು ಹುಟ್ಟಿದಾಗಿನಿಂದ ಆಡುತ್ತಿರುವವರಿಗೆ ಇದರಲ್ಲಿ ವಿವರಿಸುವುದೇನೂ ಇಲ್ಲ. ‘ಮೆ ದುಯೆಲೆ ಲಾ ಕಾಬೆಸಾ’ ಅಂದರೆ ‘ನನಗೆ ತಲೆ ನೋಯುತ್ತಿದೆ’. ಲೋಟ ಕೈಜಾರಿ ಬಿದ್ದರೆ ಇಂಗ್ಲಿಷಿನವರು ‘ಐ ಡ್ರಾಪ್ಡ್ ದ ಗ್ಲಾಸ್’ ಎಂದು ತಪ್ಪನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ. ಸ್ಪ್ಯಾನಿಷಿನಲ್ಲಿ ‘ಸೆ ಮೆ ಕಾಯೊ ಎಲ್ ಬಾಸೊ’, ನಮ್ಮಲ್ಲಿ ‘ಲೋಟ ಕೈಯಿಂದ ಬಿತ್ತು’. ಎರಡರಲ್ಲೂ ಬೀಳುವ ಕೆಲಸ ಲೋಟದ್ದೇ.

ಇಂಗ್ಲಿಷಿನ ‘ಟು ಬಿ’ ಒಂದಕ್ಕೇ ಸ್ಪ್ಯಾನಿಷಿನಲ್ಲಿರುವ ಎರಡು ಕ್ರಿಯಾಪದಗಳಾದ ‘ಸೆರ್’ ಮತ್ತು ‘ಎಸ್ತಾರ್’ ಬಗ್ಗೆ ಪುಸ್ತಕಗಳು ಹೇಳುವ ನಿಯಮ: ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್. ಈ ನಿಯಮವನ್ನು ನಾನು ಒಪ್ಪುವುದಿಲ್ಲ. ಮ್ಯಾಡ್ರಿಡ್ ಸ್ಪೇನಿನಲ್ಲಿದೆ ಎನ್ನಲು ‘ಎಸ್ತಾ’ ಎನ್ನಬೇಕು, ಸತ್ತಿದ್ದಾನೆ ಎನ್ನಲು ‘ಎಸ್ತಾ ಮುಯೆರ್ತೊ’. ಊರು ಎದ್ದು ಓಡುವುದಿಲ್ಲ, ಸತ್ತವರು ಮರಳುವುದಿಲ್ಲ. ಕನ್ನಡದಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ಕೈಮರ ಸಿಗುತ್ತದೆ. ‘ಅವರು ಡಾಕ್ಟರ್’ ಎನ್ನುವಾಗ ನಾವು ಕ್ರಿಯಾಪದವನ್ನೇ ಹಾಕುವುದಿಲ್ಲ, ಅಲ್ಲಿ ಸೆರ್. ‘ಅವರು ಮನೆಯಲ್ಲಿದ್ದಾರೆ’, ‘ಕಾಫಿ ಬಿಸಿಯಾಗಿದೆ’ ಎನ್ನುವಾಗ ‘ಇರು’ ಬರುತ್ತದೆ, ಅಲ್ಲಿ ಎಸ್ತಾರ್. ಇದು ಎಲ್ಲ ಕಡೆಗೂ ನಡೆಯುವುದಿಲ್ಲ. ‘ಸಮಾರಂಭ ನಮ್ಮ ಮನೆಯಲ್ಲಿದೆ’ ಎಂಬುದಕ್ಕೆ ಸ್ಪ್ಯಾನಿಷ್ ಸೆರ್ ಬಳಸುತ್ತದೆ, ಏಕೆಂದರೆ ಸಮಾರಂಭ ಅಲ್ಲಿ ನಡೆಯುವಂಥದ್ದು, ಇರುವಂಥದ್ದಲ್ಲ. ಆದರೂ ಶಾಶ್ವತ–ತಾತ್ಕಾಲಿಕ ಎಂಬ ನಿಯಮಕ್ಕಿಂತ ಇದು ದೂರ ಕರೆದೊಯ್ಯುತ್ತದೆ.

‘ಯು’ ಎಂಬ ಒಂದೇ ಪದವನ್ನು ಸ್ಪ್ಯಾನಿಷಿಗೆ ತರುವಾಗ ಇಂಗ್ಲಿಷ್ ಅನುವಾದಕರು ‘ತು’ ಮತ್ತು ‘ಉಸ್ತೆದ್’ ನಡುವೆ ತಡವರಿಸುತ್ತಾರೆ. ನೀನು, ನೀವು ಅಭ್ಯಾಸವಿರುವವರಿಗೆ ಅದು ಕಷ್ಟವಲ್ಲ. ನಮಗೆ ಎಡವಟ್ಟಾಗುವುದು ಬೇರೆ ಕಡೆ. ‘ಉಸ್ತೆದ್’ ಎಂಬುದು ‘ತಮ್ಮ ಕೃಪೆ’ ಎಂಬರ್ಥದ ‘ಬುಯೆಸ್ತ್ರಾ ಮೆರ್ಸೆದ್’ ಸವೆದು ಆದದ್ದು, ಹಾಗಾಗಿ ಕ್ರಿಯಾಪದ ‘ಅವನು, ಅವಳು’ ರೂಪದಲ್ಲಿ ಬರುತ್ತದೆ. ಇದನ್ನು ಪುಸ್ತಕ ‘ತೆರ್ಸೆರಾ ಪೆರ್ಸೊನಾ’ ಎನ್ನುತ್ತದೆ, ಅಂದರೆ ಮೂರನೆಯ ಪುರುಷ. ನಮ್ಮ ವ್ಯಾಕರಣ ಅದನ್ನೇ ಪ್ರಥಮ ಪುರುಷ ಎಂದು ಕರೆಯುತ್ತದೆ! ಅಂಕಿ ನೋಡಿ ಹೊಂದಿಸಲು ಹೋಗಬಾರದು. ಅರ್ಜೆಂಟೀನಾದಲ್ಲಂತೂ ‘ತು’ ಜಾಗದಲ್ಲಿ ‘ಬೊಸ್’ ಇದೆ, ಅದಕ್ಕೆ ಬೇರೆಯದೇ ಕ್ರಿಯಾರೂಪಗಳು.

ಕನ್ನಡ, ಇಂಗ್ಲಿಷ್ ಎರಡೂ ಅಷ್ಟಾಗಿ ಕೈಹಿಡಿಯದ ಜಾಗ ‘ಸುಬ್‌ಹುಂತಿಬೊ’. ಇಂಗ್ಲಿಷಿನ ‘ಸಬ್‌ಜಂಕ್ಟಿವ್’ ಎಂಬುದೇ ಅದರ ಅನುವಾದ, ಆದರೆ ಇಂಗ್ಲಿಷಿನಲ್ಲಿ ಅದು ‘ಇಫ್ ಐ ವರ್ ಯು’ದಂಥ ಕೆಲವು ಮಾತುಗಳಲ್ಲಿ ಉಳಿದ ಪಳೆಯುಳಿಕೆ. ಸ್ಪ್ಯಾನಿಷಿನಲ್ಲಿ ಅದಿಲ್ಲದೆ ಒಂದು ಬೆಳಗ್ಗೆಯೂ ಕಳೆಯುವುದಿಲ್ಲ. ಒಂದು ಸಂಗತಿಯನ್ನು ‘ಇದು ಹೀಗಿದೆ’ ಎಂದು ಸಾರದೆ, ಬಯಕೆಯಾಗಿಯೋ ಅನುಮಾನವಾಗಿಯೋ ಇನ್ನೂ ಆಗಬೇಕಾದದ್ದಾಗಿಯೋ ಹೇಳುವಾಗ ಕ್ರಿಯಾಪದ ಈ ರೂಪ ತಾಳುತ್ತದೆ. ‘ನೀನು ಬರಬೇಕು ಅಂತ ನನ್ನಾಸೆ’ ಎಂಬುದು ‘ಕಿಯೆರೊ ಕೆ ಬೆಂಗಾಸ್’. ‘ಬುಸ್ಕೊ ಉನಾ ಕಾಸಾ ಕೆ ತೆಂಗಾ ಹಾರ್ದಿನ್’ ಅಂದರೆ ಕೈತೋಟ ಇರುವಂಥ ಯಾವುದಾದರೂ ಮನೆ ಹುಡುಕುತ್ತಿದ್ದೇನೆ. ‘ತೆಂಗಾ’ ಬದಲು ‘ತಿಯೆನೆ’ ಎಂದರೆ, ಕೈತೋಟವಿರುವ ಒಂದು ನಿರ್ದಿಷ್ಟ ಮನೆ ನನ್ನ ಮನಸ್ಸಿನಲ್ಲಿದೆ, ಅದು ಎಲ್ಲಿದೆ ಎಂದು ಹುಡುಕುತ್ತಿದ್ದೇನೆ ಎಂದಾಗುತ್ತದೆ. ಒಂದು ಕ್ರಿಯಾರೂಪ ಬದಲಾದರೆ ಇಡೀ ಮನೆಯೇ ಬದಲಾಗುತ್ತದೆ.

‘ಫ್ರೇಸಲ್ ವರ್ಬ್’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ‘ಬೆರ್ಬೊ ಫ್ರಾಸಾಲ್’ ಎಂಬ ಅನುವಾದವಿದೆ, ಆದರೆ ಅದು ಇಂಗ್ಲಿಷ್ ಪಾಠಕ್ಕಷ್ಟೇ ಬೇಕಾದ ಹೆಸರು. ಸ್ಪ್ಯಾನಿಷಿನಲ್ಲಿ ಆ ವಸ್ತುವೇ ಇಲ್ಲ. ‘ಗೋ ಇನ್’, ‘ಗೋ ಔಟ್’, ‘ಗೋ ಅಪ್’, ‘ಗೋ ಡೌನ್’ ನಾಲ್ಕಕ್ಕೂ ಬೇರೆ ಬೇರೆ ಒಂಟಿ ಕ್ರಿಯಾಪದಗಳು: ಎಂತ್ರಾರ್, ಸಾಲಿರ್, ಸುಬಿರ್, ಬಾಹಾರ್. ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ಈ ವ್ಯತ್ಯಾಸಕ್ಕೊಂದು ಚೌಕಟ್ಟು ಕೊಟ್ಟರು: ಇಂಗ್ಲಿಷ್ ದಿಕ್ಕನ್ನು ಪುಟ್ಟ ಪದದಲ್ಲಿ ಇಟ್ಟು ಚಲನೆಯ ರೀತಿಯನ್ನು ಕ್ರಿಯಾಪದದಲ್ಲಿ ಹೇಳುತ್ತದೆ. ಸ್ಪ್ಯಾನಿಷ್ ದಿಕ್ಕನ್ನೇ ಮುಖ್ಯ ಕ್ರಿಯಾಪದ ಮಾಡುತ್ತದೆ, ರೀತಿ ಬೇಕಿದ್ದರೆ ಪಕ್ಕದಲ್ಲಿ ಬರುತ್ತದೆ. ‘ಹೀ ರ್‍ಯಾನ್ ಔಟ್’ ಎಂಬುದು ‘ಸಾಲಿಯೊ ಕೊರಿಯೆಂದೊ’ ಆಗುತ್ತದೆ, ಅಂದರೆ ‘ಓಡುತ್ತಾ ಹೊರಟ’. ಮೊದಲು ನೋಡಿದ ಹೆರುಂದಿಯೊ ಇಲ್ಲಿ ತನ್ನ ನಿಜವಾದ ಕೆಲಸದಲ್ಲಿದೆ.

ಶಬ್ದಕೋಶದ ಕಡೆ ಬಂದರೆ ಮೊದಲು ಎಲ್ಲ ಸುಲಭ ಅನಿಸುತ್ತದೆ. 1066ರ ನಾರ್ಮನ್ ಗೆಲುವಿನ ನಂತರ ಫ್ರೆಂಚಿನ ಮೂಲಕವೂ, ಆಮೇಲೆ ಪಂಡಿತರ ಮೂಲಕವೂ ಇಂಗ್ಲಿಷಿಗೆ ಲ್ಯಾಟಿನ್ ಪದಗಳು ರಾಶಿಯಾಗಿ ಬಂದವು. ‘-ಶನ್’ ಇದ್ದಲ್ಲಿ ‘-ಸಿಯೊನ್’, ‘-ಟಿ’ ಇದ್ದಲ್ಲಿ ‘-ದಾದ್’, ‘-ಲಿ’ ಇದ್ದಲ್ಲಿ ‘-ಮೆಂತೆ’ ಎಂದು ಬದಲಿಸಿಕೊಂಡರೆ ಸಾವಿರಾರು ಪದಗಳು ಸಿಗುತ್ತವೆ. ಇದೇ ಸಲೀಸು ಮೋಸವನ್ನೂ ತರುತ್ತದೆ. ‘ಎಕ್ಸಿತೊ’ ಎಕ್ಸಿಟ್ ಅಲ್ಲ, ಯಶಸ್ಸು. ‘ಆಕ್ತುಆಲ್ಮೆಂತೆ’ ಎಂದರೆ ‘ವಾಸ್ತವವಾಗಿ’ ಎಂದಲ್ಲ, ‘ಸದ್ಯಕ್ಕೆ’ ಎಂದು. ‘ಲಿಬ್ರೆರಿಯಾ’ ಲೈಬ್ರರಿಯಲ್ಲ, ಪುಸ್ತಕದಂಗಡಿ. ‘ಸೆನ್ಸಿಬ್ಲೆ’ ವಿವೇಕಿಯಲ್ಲ, ಸೂಕ್ಷ್ಮ ಮನಸ್ಸಿನವರು. ನಾಚಿಕೆಯಾಯಿತು ಎನ್ನಲು ಹೋಗಿ ‘ಎಂಬಾರಾಸಾದಾ’ ಎಂದರೆ ಬಸುರಿ ಎಂದಾಗುತ್ತದೆ.

ಇವನ್ನು ನಗೆಯ ಪಟ್ಟಿಗಳಾಗಿ ಹಂಚುವುದು ರೂಢಿ. ಆದರೆ 1980ರಲ್ಲಿ ಫ್ಲಾರಿಡಾದಲ್ಲಿ ನಡೆದದ್ದನ್ನು ಓದಿದ ಮೇಲೆ ನನಗೆ ನಗಲಾಗಿಲ್ಲ. 18 ವರ್ಷದ ಹುಡುಗನೊಬ್ಬನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಕ್ಯೂಬಾ ಮೂಲದ ಮನೆಯವರು ‘ಇಂತೊಕ್ಸಿಕಾದೊ’ ಎಂದರು. ಅವರ ಮಾತಿನಲ್ಲಿ ಅದಕ್ಕೆ, ತಿಂದದ್ದೇನೋ ಮೈಗೆ ವಿಷವಾಗಿದೆ ಎಂಬರ್ಥ. ವೃತ್ತಿಪರ ದುಭಾಷಿ ಇರಲಿಲ್ಲ. ವೈದ್ಯರು ಅದನ್ನು ‘ಇಂಟಾಕ್ಸಿಕೇಟೆಡ್’ ಎಂದು ತಿಳಿದು ಮಾದಕ ವಸ್ತು ಅತಿಯಾಗಿದೆ ಎಂದು ಚಿಕಿತ್ಸೆ ಕೊಟ್ಟರು. ನಿಜಕ್ಕೂ ಆಗಿದ್ದದ್ದು ಮೆದುಳಿನ ರಕ್ತಸ್ರಾವ. ಅದು ಗೊತ್ತಾಗುವ ಹೊತ್ತಿಗೆ ಹುಡುಗನ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದ್ದವು. ಪರಿಹಾರದ ಒಪ್ಪಂದ ಸುಮಾರು 71 ಮಿಲಿಯನ್ ಡಾಲರಿನದು. ಅಮೆರಿಕದಲ್ಲಿ ವೈದ್ಯಕೀಯ ದುಭಾಷಿಗಳ ಅಗತ್ಯದ ಬಗ್ಗೆ ಮಾತಾಡುವವರು ಇಂದಿಗೂ ಈ ಪ್ರಕರಣವನ್ನು ಎತ್ತುತ್ತಾರೆ.

ಲೆಕ್ಕದ ಪದಗಳಲ್ಲೂ ಇಂಥದ್ದೇ ಅಪಾಯವಿದೆ. ಇಂಗ್ಲಿಷಿನ ‘ಬಿಲಿಯನ್’ ನಮ್ಮ ನೂರು ಕೋಟಿ. ಸ್ಪ್ಯಾನಿಷಿನ ‘ಬಿಯೊನ್’ ಲಕ್ಷ ಕೋಟಿ, ಅಂದರೆ ಸಾವಿರ ಪಟ್ಟು ಹೆಚ್ಚು. ಬ್ರಿಟನ್ ಕೂಡ 1974ರ ತನಕ ಸರ್ಕಾರಿ ಲೆಕ್ಕದಲ್ಲಿ ಈ ದೊಡ್ಡ ಅರ್ಥವನ್ನೇ ಇಟ್ಟುಕೊಂಡಿತ್ತು. ಸ್ಪ್ಯಾನಿಷಿನಲ್ಲಿ ನೂರು ಕೋಟಿಗೆ ‘ಮಿಲ್ ಮಿಯೊನೆಸ್’ ಎನ್ನಬೇಕು. ವೆನೆಜುವೆಲಾದ ಅಧ್ಯಕ್ಷ ರಫಾಯೆಲ್ ಕಾಲ್ದೆರಾ ಅವರ ಸಲಹೆಯ ಮೇರೆಗೆ 1995ರಲ್ಲಿ ಅಕಾಡೆಮಿ ‘ಮಿಯಾರ್ದೊ’ ಎಂಬ ಪದವನ್ನೂ ಒಪ್ಪಿಕೊಂಡಿತು, ಆದರೂ ಜನ ಹಳೆಯದನ್ನೇ ಹೆಚ್ಚಾಗಿ ಬಳಸುತ್ತಾರೆ. ಸುದ್ದಿ ಅನುವಾದ ಮಾಡುವವರು ಈ ಸಾಲನ್ನು ಮೇಜಿನೆದುರು ಅಂಟಿಸಿಕೊಳ್ಳುವುದು ಒಳ್ಳೆಯದು.

ವ್ಯಾಕರಣದ ಹೆಸರುಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವಾಗ ನಾನು ಕಲಿಯುವವರಿಗೆ ಹೇಳುವ ದಾರಿ ಇದು. ಇಂಗ್ಲಿಷ್ ಹೆಸರು ಮೊದಲ ಕಂಬಸಾಲಿನಲ್ಲಿ ಬೇಡ. ಅಲ್ಲಿ ಸ್ಪ್ಯಾನಿಷ್ ರೂಪವನ್ನೇ ಬರೆಯಿರಿ: ಅಬ್ಲೆ, ಅಬ್ಲಾಬಾ, ಎ ಅಬ್ಲಾದೊ, ಅಬ್ಲಾರಿಯಾ. ಪಕ್ಕದಲ್ಲಿ ಅದೇ ಸಂದರ್ಭಕ್ಕೆ ನಿಮ್ಮ ಬಾಯಿಗೆ ಬರುವ ಕನ್ನಡ ವಾಕ್ಯ. ಆಮೇಲೆ ಸ್ಪೇನಿನ ಹೆಸರು, ಬೆಯೊನ ಹೆಸರು. ಇಂಗ್ಲಿಷ್ ಹೆಸರು ಕೊನೆಯಲ್ಲಿರಲಿ, ಆ್ಯಪ್ ಏನು ಕೇಳುತ್ತಿದೆ ಎಂದು ತಿಳಿಯಲು ಅಷ್ಟು ಸಾಕು. ಮೆಕ್ಸಿಕೊದ ಶಿಕ್ಷಕರು ‘ಕೊಪ್ರೆತೆರಿತೊ’ ಎಂದರೂ, ಸ್ಪೇನಿನವರು ‘ಇಂಪೆರ್ಫೆಕ್ತೊ’ ಎಂದರೂ ಬೆರಳು ‘ಅಬ್ಲಾಬಾ’ ಇರುವ ಒಂದೇ ಸಾಲಿನ ಮೇಲೆ ನಿಲ್ಲುತ್ತದೆ.